ಅನೀಶ್ ಕಪೂರ್ ಥರದ ನಿಮ್ನ ಕನ್ನಡಿ ನಮ್ಮ ಕಪ್ಪು ಗ್ರಾನೈಟಿನಲ್ಲಿ ಆಗುತ್ತಾ?

ಅಂತರಗಂಗೆ_ಕೋಲಾರ
ಒಂದು ಕಾಲೇಜಿನ ಅಂಗಳಕ್ಕೆ ಅಮೂರ್ತ ಶಿಲ್ಪ ಬೇಕಾಗಿದೆ. ದೇವರ ಮೂರ್ತಿ ಬೇಡ, ಪುತ್ಥಳಿಯೂ ಬೇಡ ಅಂತ ತೀರ್ಮಾನ ಆಗಿದೆ. ಬ್ರಿಟನ್ನಿನ ಶಿಲ್ಪಿ ಅನೀಶ್ ಕಪೂರ್ ಸ್ಟೀಲಿನಲ್ಲಿ ಮಾಡಿಸುವ ದೊಡ್ಡ ತಗ್ಗು ಕನ್ನಡಿಗಳಿವೆಯಲ್ಲ, ಅದೇ ತತ್ವವನ್ನು ಕಲ್ಲಿನಲ್ಲಿ ತರೋಣ ಅನ್ನೋ ಯೋಚನೆ. 900 ಮಿ.ಮೀ. ಅಗಲ, 200 ಮಿ.ಮೀ. ದಪ್ಪದ ದುಂಡನೆಯ ಕಪ್ಪು ಗ್ರಾನೈಟ್ ಬಿಲ್ಲೆ. ಒಂದು ಮುಖ ತಟ್ಟೆಯ ಹಾಗೆ ಒಳಕ್ಕಿಳಿದು ಕನ್ನಡಿ ಹೊಳಪು ಬರಬೇಕು. ಕೆಲಸ ಶಿಲ್ಪಿಗಳ ಊರಾದ ಶಿವಾರಪಟ್ಟಣದ ಕಡೆ ಕೊಡೋ ಆಲೋಚನೆ. ತಗ್ಗು 60 ಮಿ.ಮೀ. ಅಂದುಕೊಂಡಿದೆ. ಇದು ಸರೀನಾ? ಕೈಯಲ್ಲೇ ಆಗುತ್ತಾ, ಇಲ್ಲ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಕೆತ್ತನೆ ಯಂತ್ರ) ಬೇಕಾ? ನಿಲ್ಲಿಸೋದು ಹೇಗೆ? ತಿಳಿದವರು ಬಿಡಿಸಿ ಹೇಳಿ.

ಉಳಿಪೆಟ್ಟು_ಮಾಲೂರು
ಆಗುತ್ತೆ ಅಣ್ಣ. ಆದ್ರೆ ಮೂರ್ತಿ ಕೆತ್ತೋದಕ್ಕಿಂತ ಕಷ್ಟ ಅಂತ ಮೊದಲೇ ತಿಳ್ಕೊಳ್ಳಿ. ಮೂರ್ತೀಲಿ ಅರ್ಧ ಮಿಲಿಮೀಟರ್ ಆಚೀಚೆ ಆದ್ರೆ ಒಡವೆ, ಸೆರಗಿನ ನೆರಿಗೆ ಎಲ್ಲ ಮುಚ್ಚಿಕೊಳ್ತವೆ. ಇಲ್ಲಿ ಬೋಳು ಮೈ. ಕೂದಲೆಳೆಯಷ್ಟು ಉಬ್ಬು ಉಳಿದ್ರೂ ಹೊಳಪು ಬಂದ ದಿನ ಮುಖ ಸೊಟ್ಟಗೆ ಕಾಣುತ್ತೆ.

ನಂದಿತಪ್ಪಲು
ಕಪೂರ್ ಕೆಲಸದ ನಕಲು ಮಾಡಿ ಕಾಲೇಜಿನಲ್ಲಿ ಇಡೋದು ಸರಿಯಾ? 2015ರಲ್ಲಿ ಚೀನಾದ ಕರಮಾಯ್ ಊರಲ್ಲಿ ಅವರ ಕ್ಲೌಡ್ ಗೇಟ್ (ಷಿಕಾಗೋದ ದೊಡ್ಡ ಸ್ಟೀಲ್ ಕನ್ನಡಿ ಶಿಲ್ಪ) ಥರದ್ದೇ ಒಂದನ್ನ ನಿಲ್ಲಿಸಿದಾಗ ಅವರು ಬಹಿರಂಗವಾಗಿ ಸಿಟ್ಟಾಗಿದ್ರು.

ಹೊಯ್ಸಳಗಂಬ
@ನಂದಿತಪ್ಪಲು ಅದು ಬೇರೆ, ಇದು ಬೇರೆ. ಕರಮಾಯ್‌ನದ್ದು ಆಕಾರದಲ್ಲೇ ಹೋಲುವ ಕೃತಿ. ನಿಮ್ನ ದರ್ಪಣ ಅನ್ನೋದು ಎಸ್ಸೆಸ್ಸೆಲ್ಸಿ ವಿಜ್ಞಾನದ ಪಾಠ, ಅದರ ಮೇಲೆ ಯಾರಿಗೂ ಹಕ್ಕಿಲ್ಲ. ಕೃತಿಸ್ವಾಮ್ಯ ಇರೋದು ಕೃತಿಗೆ, ಕಲ್ಪನೆಗೆ ಅಲ್ಲ. ಆದ್ರೂ ಫಲಕದಲ್ಲಿ ಯಾರ ಕೆಲಸದಿಂದ ಪ್ರೇರಣೆ ಅಂತ ಬರೆಯಿರಿ. ಮರ್ಯಾದೆ ಅದು.

ಚಿಂತಾಮಣಿ_ಮೇಷ್ಟ್ರು
60 ಮಿ.ಮೀ. ತಗ್ಗಿಗೆ ಲೆಕ್ಕ ಹಾಕೋಣ. ಅಂಚಿನ ತ್ರಿಜ್ಯ 450, ತಗ್ಗು 60. ವಕ್ರತಾ ತ್ರಿಜ್ಯ (ಈ ತಟ್ಟೆ ಯಾವ ಗೋಳದ ತುಂಡೋ ಆ ಗೋಳದ ತ್ರಿಜ್ಯ) = (450×450 + 60×60) ÷ (2×60) = 1717.5 ಮಿ.ಮೀ. ಸಂಗಮದೂರ (ದೂರದಿಂದ ಬಂದ ಬೆಳಕು ಕೂಡುವ ಜಾಗಕ್ಕೆ ಕನ್ನಡಿಯಿಂದ ಇರುವ ದೂರ) ಅದರ ಅರ್ಧ, ಸುಮಾರು 859. ಅಂದ್ರೆ ನೋಡುವವರು 86 ಸೆಂ.ಮೀ.ಗಿಂತ ದೂರ ನಿಂತರೆ ತಮ್ಮ ಮುಖ ತಲೆಕೆಳಗಾಗಿ ಕಾಣುತ್ತೆ, ಹತ್ತಿರ ಬಂದರೆ ನೆಟ್ಟಗೆ ದೊಡ್ಡದಾಗಿ.

ಬೆಳಕಿನಬೀಜ
ಮೇಷ್ಟ್ರೇ, ತ್ರಿಜ್ಯದ ಲೆಕ್ಕ ಸರಿ, ತಿರುಗುವ ಜಾಗ ಮಾತ್ರ ತಪ್ಪಿದೆ. ನಮ್ಮದೇ ಮುಖ ಮಗುಚಿಕೊಳ್ಳೋದು ಸಂಗಮದಲ್ಲಿ ಅಲ್ಲ, ವಕ್ರತಾ ಕೇಂದ್ರದಲ್ಲಿ, ಅಂದ್ರೆ 1.72 ಮೀಟರಿನಲ್ಲಿ. ಅದಕ್ಕಿಂತ ಆಚೆ ನಿಂತರೆ ಪ್ರತಿಬಿಂಬ ಕನ್ನಡಿಗೂ ಕಣ್ಣಿಗೂ ನಡುವೆ ಮೂಡುತ್ತೆ, ತಲೆಕೆಳಗಾಗಿ ಕಾಣುತ್ತೆ. 1.72ರ ಒಳಗೆ ಬಂದ ಕೂಡಲೇ ಪ್ರತಿಬಿಂಬ ಕಣ್ಣಿನ ಹಿಂದಕ್ಕೆ ಹೋಗಿಬಿಡುತ್ತೆ. ಆಗ ಕಣ್ಣಿಗೆ ಕಾಣೋದು ನೆಟ್ಟಗಿನ, ಮಸುಕಾದ, ಇಡೀ ಬಿಲ್ಲೆ ತುಂಬಿಕೊಂಡ ಮುಖ. 0.86 ಮೀಟರ್ ಹತ್ತಿರವಾಗ್ತಾ ತಿಳಿಯಾಗುತ್ತೆ. ದೂರದ ಬೆಟ್ಟ, ಮೋಡ ಮಗುಚೋದು ಸಂಗಮದಲ್ಲಿ. ಹಾಗಾಗಿ ಒಂದೂವರೆ ಮೀಟರಿನಲ್ಲಿ ನಿಂತವರಿಗೆ ತಾವು ನೆಟ್ಟಗೆ, ಹಿಂದಿನ ಅಂತರಗಂಗೆ ಬೆಟ್ಟ ತಲೆಕೆಳಗೆ. ಕಪೂರ್ ಕನ್ನಡಿಗಳ ಮುಂದೆ ಜನ ಹಿಂದೆಮುಂದೆ ಓಡಾಡ್ತಾ ನಿಲ್ಲೋದು ಇದಕ್ಕೇ.

ಚಿಂತಾಮಣಿ_ಮೇಷ್ಟ್ರು
ಒಪ್ಪಿದೆ. ವಸ್ತು ದೂರದಲ್ಲಿದೆ ಅಂತ ಹಿಡಿದು ಹೇಳಿದ್ದು, ನೋಡುವವರೇ ವಸ್ತು ಅನ್ನೋದು ಬಿಟ್ಟುಹೋಯ್ತು.

ಬಾಗೇಪಲ್ಲಿ_ಬಂಡೆ
ಎಲ್ಲರೂ ಆಕಾರದ ಬಗ್ಗೆ ಮಾತಾಡ್ತಿದ್ದೀರಿ, ಬೆಳಕಿನ ಬಗ್ಗೆ ಯಾರೂ ಹೇಳ್ಲಿಲ್ಲ. ಕಪ್ಪು ಕಲ್ಲನ್ನ ಎಷ್ಟೇ ಹೊಳಪು ಮಾಡಿದ್ರೂ ನೇರವಾಗಿ ಬಿದ್ದ ಬೆಳಕಿನಲ್ಲಿ ಸುಮಾರು 5% ಮಾತ್ರ ವಾಪಸ್ ಕೊಡುತ್ತೆ. ಪಾಲಿಷ್ ಆದ ಸ್ಟೀಲು 60%ರ ಆಸುಪಾಸು. ಸ್ಟೀಲಿನ ಕನ್ನಡಿ ನೋಡಿ ಅದೇ ಫಲ ಕಲ್ಲಿನಲ್ಲಿ ಸಿಗುತ್ತೆ ಅಂದುಕೊಂಡ್ರೆ ನಿರಾಸೆ ಆಗುತ್ತೆ. ಕಲ್ಲು ನೆರಳಲ್ಲಿರಬೇಕು, ನಿಂತವರ ಮುಖ ಬೆಳಕಲ್ಲಿರಬೇಕು. ಆಗ ಬಾವಿ ನೀರಲ್ಲಿ ಇಣುಕಿದ ಹಾಗೆ ಕಪ್ಪೊಳಗಿಂದ ಮುಖ ಮೂಡುತ್ತೆ. ಅದು ಸ್ಟೀಲಿಗೆ ಸಾಧ್ಯವಿಲ್ಲದ ಗುಣ.

ಗೌರಿಬಿದನೂರು_ಗೆರೆ
ಇದನ್ನೇ ಬಳಸಿಕೊಳ್ಳಿ. ಕಪೂರ್ ಕೆಲಸದ ಅರ್ಧ ಹೊಳಪಿನದ್ದಾದರೆ ಇನ್ನರ್ಧ ಕತ್ತಲೆಯದ್ದು. 1979ರಲ್ಲಿ ಭಾರತಕ್ಕೆ ಬಂದುಹೋದ ಮೇಲೆ ಶುರುವಾದದ್ದು ಬಣ್ಣದ ಪುಡಿ ಮೆತ್ತಿದ ಆಕಾರಗಳು. ಅಂಗಡಿಗಳ ಮುಂದೆ ಗುಡ್ಡೆ ಹಾಕಿಟ್ಟ ಕುಂಕುಮ, ಅರಿಶಿನದ ಹಾಗೆ ಕಾಣ್ತವೆ, ಅಂಚು ನೆಲಕ್ಕೆ ಉದುರಿ ಎಲ್ಲಿ ಮುಗೀತು ಅಂತ ತಿಳಿಯಲ್ಲ. ಆಮೇಲೆ ಒರಟು ಮರಳುಗಲ್ಲಿನ ಬಂಡೆಗಳಿಗೆ ಮೇಲಿಂದ ತೂತು ತೆಗೆದು ಒಳಗೆಲ್ಲ ಕಡುಬಣ್ಣ ಬಳಿದದ್ದು. ನೋಡಿದ್ರೆ ತೂತೋ, ಮೇಲೆ ಬಳಿದ ಕಪ್ಪು ವೃತ್ತವೋ ಗೊತ್ತಾಗಲ್ಲ. 1990ರ ವೆನಿಸ್ ಬಿನಾಲೆ ಅನ್ನೋ ಅಂತಾರಾಷ್ಟ್ರೀಯ ಕಲಾ ಪ್ರದರ್ಶನಕ್ಕೆ ಬ್ರಿಟನ್ ಪರ ಅವರು ಒಯ್ದದ್ದು ಈ ಬಂಡೆಗಳನ್ನ. ಮಾರನೇ ವರ್ಷ ಬ್ರಿಟನ್ನಿನ ದೊಡ್ಡ ಕಲಾ ಪ್ರಶಸ್ತಿ ಟರ್ನರ್ ಬಂತು.

ಶಿರಾ_ಗೇಟ್
ಆ ತೂತಿನೊಳಕ್ಕೆ ಒಬ್ಬರು ಬಿದ್ದೇ ಬಿಟ್ಟರಲ್ಲ?

ಗೌರಿಬಿದನೂರು_ಗೆರೆ
ಹೌದು, ಆದ್ರೆ ಬಂಡೆಯ ತೂತಲ್ಲ. 1992ರ ಬೇರೆ ಕೃತಿ, ನೆಲದಲ್ಲೇ ತೋಡಿದ ಕಪ್ಪು ಗುಂಡಿ, ಸುಮಾರು 2.5 ಮೀಟರ್ ಆಳ. 2018ರಲ್ಲಿ ಪೋರ್ಚುಗಲ್‌ನ ಪೋರ್ಟೊದಲ್ಲಿ ಪ್ರದರ್ಶನ ಇದ್ದಾಗ ನೋಡಲು ಬಂದವರೊಬ್ಬರು ಅದರೊಳಗೆ ಬಿದ್ದು ಪೆಟ್ಟು ಮಾಡಿಕೊಂಡರು. ಎಚ್ಚರಿಕೆ ಫಲಕ ಇದ್ದೂ ಕಣ್ಣು ಮೋಸ ಹೋಯ್ತು. ಕಾಲೇಜು ಅಂಗಳದಲ್ಲಿ ಏನೇ ಇಡಿ, ಇದನ್ನ ನೆನಪಿಡಿ.

ಅಂತರಗಂಗೆ_ಕೋಲಾರ
ಒಳ್ಳೊಳ್ಳೆ ವಿಷಯ ಬರ್ತಿದೆ. @ಉಳಿಪೆಟ್ಟು_ಮಾಲೂರು ಅಣ್ಣ, ಕೆಲಸದ ಕ್ರಮ ಸ್ವಲ್ಪ ಹೇಳ್ತೀರಾ?

ಉಳಿಪೆಟ್ಟು_ಮಾಲೂರು
ಹೇಳ್ತೀನಿ, ಉದ್ದ ಆಗುತ್ತೆ.

ಕಲ್ಲು ಆರಿಸೋದು ಮೊದಲು. ನಾವು ಕಪ್ಪು ಗ್ರಾನೈಟ್ ಅನ್ನೋದು ಭೂವಿಜ್ಞಾನದವರ ಲೆಕ್ಕದಲ್ಲಿ ಗ್ರಾನೈಟೇ ಅಲ್ಲ, ಡಾಲರೈಟು. ಘನ ಮೀಟರಿಗೆ ಸುಮಾರು 3 ಟನ್ ತೂಗುತ್ತೆ. ಸುತ್ತಿಗೆಯಲ್ಲಿ ತಟ್ಟಿದ್ರೆ ಗಂಟೆ ಹೊಡೆದಂಗೆ ಠಣ್ ಅನ್ನಬೇಕು, ಬೊದ್ದು ಸದ್ದು ಬಂದ್ರೆ ಒಳಗೆ ಬಿರುಕು ಐತೆ. ಪೂರ್ತಿ ನೀರು ಸುರಿದು ಆರಕ್ಕೆ ಬಿಡಿ. ಮೈ ಒಣಗಿದ ಮೇಲೂ ಕಪ್ಪಗೆ ಒಂದು ಎಳೆ ಉಳಿದ್ರೆ ಅದೇ ಸೀಳು. ಆ ಕಲ್ಲು ಬ್ಯಾಡ, ಎಷ್ಟು ಕಡಿಮೆಗೆ ಕೊಟ್ಟರೂ ಬ್ಯಾಡ.

ದುಂಡು ಮಾಡಿ ಅಂಚಿಗೆ 5 ಮಿ.ಮೀ. ಓರೆ ಹೊಡೀರಿ, ತಗ್ಗು ತೆಗೆಯೋಕೆ ಮುಂಚೆನೇ. ಇಲ್ಲಾಂದ್ರೆ ಅಂಚು ಚಕ್ಕೆ ಏಳುತ್ತೆ, ಆ ಚಕ್ಕೆ ಪಾಲಿಷ್ ಕೆಳಗೆ ಸಿಕ್ಕಿ ಗೀರು ಬೀಳುತ್ತೆ.

ಮಾದರಿ ಹಲಗೆಗೆ 1717.5 ಮಿ.ಮೀ. ಉದ್ದದ ಕೋಲು. ಒಂದು ತುದಿ ಮೊಳೆ, ಇನ್ನೊಂದು ತುದಿ ಪೆನ್ಸಿಲ್. ನೆಲದ ಮೇಲೆ ಅಲ್ಯೂಮಿನಿಯಂ ತಗಡು ಹಾಸಿ ಕಮಾನು ಗೆರೆ ಎಳೆದು, ಉಬ್ಬಿನ ಕಡೆ ಕತ್ತರಿಸಿ ಅರ ಹಾಕಿ. ಪ್ಲೈವುಡ್ ಬ್ಯಾಡ, ನೀರಿಗೆ ಉಬ್ಬುತ್ತೆ.

ಆಮೇಲೆ ಗ್ರೈಂಡರಿಗೆ ಡೈಮಂಡ್ ಬ್ಲೇಡು ಹಾಕಿ 10 ಮಿ.ಮೀ.ಗೊಂದು ಸಾಲು ಕೊಯ್ಯಿರಿ. ಆಳ ಎಲ್ಲ ಕಡೆ ಒಂದೇ ಅಲ್ಲ. ಪೂರ್ತಿ ತಗ್ಗು ನಡುವೆ 60, ನಡುವಿನಿಂದ 225 ಮಿ.ಮೀ. ದೂರದಲ್ಲಿ 45, 340 ದೂರದಲ್ಲಿ 26. ಪ್ರತಿ ಕಡೆ ಇದಕ್ಕಿಂತ 4 ಮಿ.ಮೀ. ಕಮ್ಮಿ ಕೊಯ್ಯಿರಿ. ನಿಂತ ಹಲ್ಲುಗಳನ್ನ ಉಳಿಯಲ್ಲಿ ಮುರಿದು, ಕಪ್ ವೀಲಿನಲ್ಲಿ (ಬಟ್ಟಲಿನಾಕಾರದ ತೇಯೋ ಚಕ್ರ) ಸಮ ಮಾಡಿ.

ಇಲ್ಲೇ ತುಂಬ ಜನ ಕೆಡಿಸೋದು. ಒರಟು ಕೆಲಸ ಬೇಗ ಮುಗೀಲಿ ಅಂತ ಬುಷ್ ಹ್ಯಾಮರ್ (ಮೊನೆಗಳಿರೋ ಸುತ್ತಿಗೆ) ತಗೊಂಡು ಕೊನೇ ಮಟ್ಟದವರೆಗೂ ಹೊಡೀತಾರೆ. ಪೆಟ್ಟು ಬಿದ್ದ ಜಾಗದಲ್ಲಿ ಕಲ್ಲು ಒಳಗೇ ನುಜ್ಜಾಗಿರುತ್ತೆ, ಕಣ್ಣಿಗೆ ಕಾಣಲ್ಲ. ಪಾಲಿಷ್ ಏರಿದಾಗ ಬಿಳಿ ಚುಕ್ಕೆಗಳು ಏಳ್ತವೆ. ಆಗ ಇಡೀ ತಟ್ಟೆಯನ್ನ ಇನ್ನೂ 3 ಮಿ.ಮೀ. ಇಳಿಸಬೇಕು, ಬೇರೆ ದಾರಿ ಇಲ್ಲ. ಕಡೇ 4 ಮಿ.ಮೀ.ಗೆ ಪೆಟ್ಟು ಸೋಕಬಾರದು, ತೇಯೋದು ಮಾತ್ರ.

ಮುಳಬಾಗಿಲು_ಪಾಲಿಷ್
ಕಪ್ ವೀಲ್ ಆದ ಮೇಲೆ 50, 100, 200, 400, 800, 1500, 3000 ಪ್ಯಾಡ್ (ಅಂಕಿ ಏರಿದಷ್ಟೂ ನಯ) ಹಾಕ್ಕೊಂಡು ಹೋದ್ರೆ ಮುಗೀತು. ಮನೆ ಮೆಟ್ಟಿಲಿಗೆ ಮಾಡೋದೇ.

ಉಳಿಪೆಟ್ಟು_ಮಾಲೂರು
ಇಲ್ಲ ಗುರುಗಳೇ, ಅದು ಹೊಳಪು ಕೊಡುತ್ತೆ, ಆಕಾರ ಕೊಡಲ್ಲ. ಪ್ಯಾಡು ರಬ್ಬರಿನಂಗೆ ಬಾಗುತ್ತೆ. ಉಬ್ಬಿದ್ದ ಕಡೆ ಹತ್ತುತ್ತೆ, ತಗ್ಗಿದ್ದ ಕಡೆ ಇಳಿಯುತ್ತೆ, ಎರಡನ್ನೂ ಅಷ್ಟಷ್ಟೇ ತೇಯುತ್ತೆ. ಕೊನೆಗೆ ಸಿಗೋದು ಚೆನ್ನಾಗಿ ಹೊಳೆಯೋ ಅಲೆಗಳು.

ಬೆಳಕಿನಬೀಜ
ಇದಕ್ಕೆ ಪರಿಹಾರ ಇದೆ, ಟೆಲಿಸ್ಕೋಪ್ ಕನ್ನಡಿ ಕೈಯಲ್ಲಿ ತೇಯುವವರ ದಾರಿ. ಎರಡು ಗಟ್ಟಿ ಮೈಗಳನ್ನ ನಡುವೆ ಪುಡಿ ಹಾಕಿ ಎಲ್ಲ ದಿಕ್ಕಿಗೂ ಉಜ್ಜುತ್ತಾ ಹೋದರೆ ಅವು ಗೋಳದ ಭಾಗ ಆಗಲೇಬೇಕು, ಯಾಕಂದ್ರೆ ಯಾವ ಕಡೆ ಸರಿಸಿದರೂ ಒಂದಕ್ಕೊಂದು ಪೂರ್ತಿ ತಾಗುವ ಆಕಾರ ಗೋಳ ಮಾತ್ರ (ಚಪ್ಪಟೆಯೂ ಗೋಳದ್ದೇ ಒಂದು ರೂಪ).

ಹೀಗೆ ಮಾಡಿ. ಕಪ್ ವೀಲ್ ಮುಗಿದ ತಟ್ಟೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, 450 ಮಿ.ಮೀ. ಅಗಲದ ತಗಡಿನ ಬಳೆ ಇಡಿ. ಅದರೊಳಗೆ 25 ಮಿ.ಮೀ. ಚೌಕದ ವಿಟ್ರಿಫೈಡ್ ಟೈಲ್ ಚೂರುಗಳನ್ನ 5 ಮಿ.ಮೀ. ಸಂದು ಬಿಟ್ಟು ಜೋಡಿಸಿ, ಮೇಲೆ 50 ಮಿ.ಮೀ. ದಪ್ಪ ಸಿಮೆಂಟ್ ಗಾರೆ ಹೊಯ್ಯಿರಿ. 7 ದಿನ ನೀರು ಕುಡಿಸಿ. ಸಂದಿನೊಳಗಿನ ಗಾರೆ ಟೈಲ್ ಮಟ್ಟಕ್ಕಿಂತ ಕೆಳಗಿರೋ ಹಾಗೆ ಕೆರೆದು ತೆಗೀಬೇಕು, ಪುಡಿ ನೀರು ಓಡಾಡೋದು ಆ ಸಂದಿನಲ್ಲೇ. ಈ ಉಜ್ಜುಗುಂಡು ಸುಮಾರು 18 ಕೆ.ಜಿ. ಆಗುತ್ತೆ. ಆ ತೂಕವೇ ಸಾಕು, ಮೇಲಿಂದ ಒತ್ತಬೇಡಿ. ಇಬ್ಬರು ಎದುರುಬದುರು ನಿಂತು ಎಳೀಬೇಕು.

ಸಿಲಿಕಾನ್ ಕಾರ್ಬೈಡ್ ಪುಡಿ, ಪೇಟೆಯಲ್ಲಿ ಕಾರ್ಬೊರಂಡಂ ಅಂತಾರೆ. 80ರಿಂದ ಶುರು, ಆಮೇಲೆ 120, 220, 400, 600. ಒಂದು ಚಮಚ ಪುಡಿ, ಸ್ವಲ್ಪ ನೀರು, ಸದ್ದು ಕರಕರ ಅನ್ನೋದು ನಿಂತಾಗ ಪುಡಿ ಸತ್ತಿದೆ ಅಂತ ಅರ್ಥ, ತೊಳೆದು ಹೊಸದು ಹಾಕಿ. ಗುಂಡು ಅಂಚಿನಿಂದ ಸ್ವಲ್ಪ ಆಚೆ ಹೋಗಿಬರಬೇಕು, ಪ್ರತಿ ಹತ್ತು ಎಳೆತಕ್ಕೆ ಇಬ್ಬರೂ ಒಂದು ಹೆಜ್ಜೆ ಸುತ್ತ ಸರಿಯಬೇಕು, ಗುಂಡನ್ನೂ ಸ್ವಲ್ಪ ತಿರುಗಿಸಬೇಕು. ಒಂದೇ ಕಡೆ ನಿಂತು ಎಳೆದರೆ ಮೊಟ್ಟೆ ಆಕಾರ ಆಗುತ್ತೆ.

ತಟ್ಟೆ ಮೇಲ್ಮುಖ ಇರೋದರಿಂದ ಕೆಸರು ನಡುವಿಗೆ ಇಳಿದು ಅಲ್ಲಿ ಜಾಸ್ತಿ ತೇಯುತ್ತೆ. ನಡು ಗುಂಡಿ ಬೀಳೋದು ಇದರ ದೊಡ್ಡ ಕಾಟ. ಆಗಾಗ ತೊಳೀರಿ, ಮಾದರಿ ಹಲಗೆಯ ಅಂಚಿಗೆ ನೀಲಿ ಸೀಮೆಸುಣ್ಣ ಬಳಿದು ಎಂಟು ದಿಕ್ಕಿಗೆ ತಾಗಿಸಿ ನೋಡಿ. ನೀಲಿ ಹತ್ತಿದ ಕಡೆ ಎತ್ತರ ಐತೆ ಅಂತ, ಎಳೆತ ಅಲ್ಲಿಗೆ ಜಾಸ್ತಿ ಕೊಡಿ.

ಉಳಿಪೆಟ್ಟು_ಮಾಲೂರು
ಇದು ಬಲೇ ಚೆನ್ನಾಗೈತೆ. ಅಮ್ಮಿಕಲ್ಲು ವರ್ಷಗಟ್ಟಲೆ ಅರೆದು ನುಣ್ಣಗೆ ತಗ್ಗಾಗೋದೂ ಇದೇ ತತ್ವ. ಒಂದು ಸೇರಿಸ್ತೀನಿ: ಪುಡಿ ಬದಲಾಯಿಸುವಾಗ ಬಕೆಟ್ಟು, ಬ್ರಷ್ಷು, ಬಟ್ಟೆ ಎಲ್ಲ ಬೇರೆ. 80ರ ಒಂದು ಕಾಳು 400ರಲ್ಲಿ ಉಳಿದ್ರೆ ತಟ್ಟೆ ತುಂಬ ಗೀರು, ಮತ್ತೆ 120ಕ್ಕೆ ವಾಪಸ್.

ಮುಳಬಾಗಿಲು_ಪಾಲಿಷ್
ಸರಿ, ಆಕಾರಕ್ಕೆ ಇದೇ ದಾರಿ ಅಂತ ಒಪ್ಕೋತೀನಿ. 600 ಆದ್ಮೇಲೆ ಪ್ಯಾಡಿಗೆ ಬನ್ನಿ. 800, 1500, 3000, ಕಡೇಲಿ ಫೆಲ್ಟಿಗೆ ಟಿನ್ ಆಕ್ಸೈಡ್ ಪುಡಿ. ನೀರು ಬಿಡೋ ಪಾಲಿಷರ್ ಇರಲಿ, ನಿಮಿಷಕ್ಕೆ 2000ದಿಂದ 3000 ಸುತ್ತು. 11000 ಸುತ್ತಿನ ಮಾಮೂಲಿ ಗ್ರೈಂಡರಿಗೆ ರೆಸಿನ್ ಪ್ಯಾಡ್ ಸಿಕ್ಕಿಸಿದ್ರೆ ಪ್ಯಾಡ್ ಸುಟ್ಟು ಕಲ್ಲಿಗೆ ಅಂಟಿಕೊಳ್ಳುತ್ತೆ. ಪ್ರತಿ ಪ್ಯಾಡಿಗೆ ಮುಂಚೆ ಮೇಣದ ಬಳಪದಲ್ಲಿ ಚೌಕುಳಿ ಗೆರೆ ಹಾಕಿ, ಗೆರೆ ಪೂರ್ತಿ ಅಳಿಸೋತನಕ ಮುಂದಕ್ಕೆ ಹೋಗಬೇಡಿ. ಪರೀಕ್ಷೆಗೆ ಟ್ಯೂಬ್‌ಲೈಟ್ ಸಾಕು. ಅದರ ಪ್ರತಿಬಿಂಬದ ಗೆರೆ ಬಾಗಲಿ, ಪರವಾಗಿಲ್ಲ. ನಡುಗಿದ ಹಾಗೆ ಕಾಣಬಾರದು. ಕರಿ ಮೇಣ ಹಚ್ಚಿ ಹೊಳಪು ತೋರಿಸೋರು ಇದ್ದಾರೆ, ಬಿಸಿಲಿಗೆ ಅದು ಉಳಿಯಲ್ಲ. ಒಪ್ಪಿಸಿಕೊಳ್ಳೋ ಮುಂಚೆ ಥಿನ್ನರ್ ಬಟ್ಟೇಲಿ ಒರೆಸಿ ನೋಡಿ.

ಹೊಯ್ಸಳಗಂಬ
ಹೋಲಿಕೆಗೆ ಕ್ಲೌಡ್ ಗೇಟ್ ಲೆಕ್ಕ ಕೇಳಿ. ಷಿಕಾಗೋದಲ್ಲಿದೆ, 20 ಮೀಟರ್ ಉದ್ದ, 10 ಅಗಲ, 13 ಎತ್ತರ. 168 ಸ್ಟೀಲ್ ತಗಡು, ಸುಮಾರು 10 ಮಿ.ಮೀ. ದಪ್ಪದವು, ಬೆಸುಗೆ ಹಾಕಿ ಒಂದೇ ಮೈ ಮಾಡಿದ್ದು. ಬೆಸುಗೆ ಗೆರೆ ಕಾಣದ ಹಾಗೆ ಮಾಡೋಕೆ ಐದು ಹಂತ: 40 ಗ್ರಿಟ್ಟಿನಲ್ಲಿ ಬೆಸುಗೆ ಕಡಿದು, ಬೆಲ್ಟ್ ಸ್ಯಾಂಡರಿನಲ್ಲಿ ಎರಡು ಹಂತದಲ್ಲಿ ಆಕಾರಕ್ಕೆ ತಂದು, 400, 600, 800ರಲ್ಲಿ ನಯ ಮಾಡಿ, ಕಡೇಲಿ ಬಫ್ ಚಕ್ರಕ್ಕೆ ರೂಜ್ ಅನ್ನೋ ಹೊಳಪಿನ ಪುಡಿ. 2004ರಲ್ಲಿ ಅರ್ಧಂಬರ್ಧ ಇದ್ದಾಗಲೇ ಜನರಿಗೆ ತೋರಿಸಿ, ಮತ್ತೆ ಮುಚ್ಚಿ, 2006ರ ಮೇ ತಿಂಗಳಲ್ಲಿ ಪೂರ್ತಿ ಆಯ್ತು. ಅಲ್ಲೂ ಹೊಳಪೇ ಹೆಚ್ಚು ಕಾಲ ತಿಂದದ್ದು.

ಶಿರಾ_ಗೇಟ್
ಅದನ್ನೆಲ್ಲ ಕಪೂರ್ ತಮ್ಮ ಕೈಯಲ್ಲಿ ಮಾಡಿಲ್ಲ ತಾನೆ? ಕಾರ್ಖಾನೆಯವರು ಮಾಡಿದ್ದಕ್ಕೆ ಇವರ ಹೆಸರು ಯಾಕೆ?

ಗೌರಿಬಿದನೂರು_ಗೆರೆ
ಸ್ಥಪತಿ ಅಳತೆ ಕೊಟ್ಟು, ಗೆರೆ ಎಳೆದು, ಶಿಷ್ಯರು ಬಿಡಿಸಿ, ಕಡೇಲಿ ಕಣ್ಣು ತೆರೆಸೋದು ಸ್ಥಪತಿಯೇ. ಆ ಮೂರ್ತಿ ಯಾರದ್ದು ಅಂತೀರಿ? ಯಾವ ಆಕಾರ, ಎಷ್ಟು ತಗ್ಗು, ಎಲ್ಲಿ ನಿಲ್ಲಬೇಕು ಅನ್ನೋ ತೀರ್ಮಾನ ಅವರದ್ದು. 2002ರಲ್ಲಿ ಲಂಡನ್ನಿನ ಕಲಾ ಸಂಗ್ರಹಾಲಯ ಟೇಟ್ ಮಾಡರ್ನ್‌ನಲ್ಲಿ ಮೂರು ಉಕ್ಕಿನ ಬಳೆಗಳ ನಡುವೆ ಕೆಂಪು ಪಿವಿಸಿ ಪೊರೆ ಎಳೆದು ಕಟ್ಟಿದ್ದಕ್ಕೆ ಎಂಜಿನಿಯರ್ ಸೆಸಿಲ್ ಬಾಲ್ಮಂಡ್ ಜೊತೆಗಿದ್ದರು, ಆ ಹೆಸರನ್ನ ಯಾರೂ ಮುಚ್ಚಿಟ್ಟಿಲ್ಲ. 2012ರ ಲಂಡನ್ ಆರ್ಬಿಟ್ ಗೋಪುರವೂ ಇಬ್ಬರ ಹೆಸರಿನದ್ದೇ, 114.5 ಮೀಟರ್.

ಶಿರಾ_ಗೇಟ್
ಹಾಗಾದ್ರೆ ಕಾಲೇಜಿನ ಫಲಕದಲ್ಲಿ ಶಿವಾರಪಟ್ಟಣದಲ್ಲಿ ತೇಯುವವರ ಹೆಸರೂ ಹಾಕಿ. ಅಷ್ಟೇ ನನ್ನ ಮಾತು.

ಗೌರಿಬಿದನೂರು_ಗೆರೆ
ಅದಕ್ಕೆ ಎರಡು ಮಾತಿಲ್ಲ.

ನಂದಿತಪ್ಪಲು
ಕಪ್ಪಿನ ಮಾತು ಬಂತಲ್ಲ, ವ್ಯಾಂಟಾಬ್ಲ್ಯಾಕ್ ಬಳೀಬಹುದಾ ಹಿಂದಿನ ಮುಖಕ್ಕೆ?

ಬೆಳಕಿನಬೀಜ
ಆಗಲ್ಲ. ಅದು ಬಣ್ಣ ಅಲ್ಲ, ಮೇಲ್ಮೈ ಮೇಲೆ ಬೆಳೆಸುವ ಕಾರ್ಬನ್ ನ್ಯಾನೊ ಕೊಳವೆಗಳು. 99.965% ಬೆಳಕು ನುಂಗುತ್ತೆ, ಆದ್ರೆ ಬೆರಳು ಸೋಕಿದ್ರೆ ಹಾಳು. ಕಲಾಕೃತಿಗೆ ಬಳಸುವ ಹಕ್ಕು 2016ರಲ್ಲಿ ಕಪೂರ್ ಒಬ್ಬರಿಗೇ ಸಿಕ್ಕಿ ದೊಡ್ಡ ಜಗಳ ಆಯ್ತು. ಹಿಂಬದಿ ಒರಟಾಗಿ ಉಳಿ ಗುರುತಿನಲ್ಲೇ ಬಿಡಿ, ಹೊಳಪಿನ ಮುಖಕ್ಕೆ ಅದೇ ಒಪ್ಪುತ್ತೆ.

ಬಾಗೇಪಲ್ಲಿ_ಬಂಡೆ
ದಯವಿಟ್ಟು ಧೂಳಿನ ಬಗ್ಗೆ ಯಾರಾದ್ರೂ ಒತ್ತಿ ಹೇಳಿ. ಡಾಲರೈಟಿನಲ್ಲಿ ಸ್ಫಟಿಕ (ಕ್ವಾರ್ಟ್ಜ್, ಅಂದ್ರೆ ಸಿಲಿಕಾ) ಕಮ್ಮಿ, ನಿಜ. ಆದ್ರೆ ಪೀಠಕ್ಕೆ ಕೊಯ್ಯುವ ಬೂದು ಗ್ರಾನೈಟಿನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಇರುತ್ತೆ. ಆ ಧೂಳು ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್, ಗುಣಪಡಿಸೋ ಔಷಧಿ ಇಲ್ಲ. ಕರ್ಚೀಫು, ಟವೆಲ್ಲು ಏನೂ ತಡೆಯಲ್ಲ. ಕೊಯ್ಯುವಾಗಲೂ ನೀರು ಬಿಡಬೇಕು, ಪಿ100 (ತೀರ ಸಣ್ಣ ಧೂಳನ್ನೂ ತಡೆಯೋ) ಫಿಲ್ಟರಿನ ಅರೆಮುಖದ ಮಾಸ್ಕ್ ಹಾಕಿಸಬೇಕು. ನೀರು ಇದ್ದಲ್ಲಿ ಕರೆಂಟ್ ಇರೋದರಿಂದ 30 ಮಿಲಿ ಆಂಪಿಯರ್ ಇಎಲ್‌ಸಿಬಿ (ಕರೆಂಟ್ ಸೋರಿದ್ರೆ ತಾನೇ ಆಫ್ ಆಗೋ ಸ್ವಿಚ್) ಕಡ್ಡಾಯ. ಕೆಲಸ ಕೊಡೋರು ಇದರ ಖರ್ಚನ್ನ ಅಂದಾಜಿನಲ್ಲೇ ಸೇರಿಸಿ, ಕೆತ್ತೋರ ಮೇಲೆ ಹಾಕಬೇಡಿ.

ಉಳಿಪೆಟ್ಟು_ಮಾಲೂರು
ನೂರಕ್ಕೆ ನೂರು. 🙏

ಮಧುಗಿರಿ_ಏಕಶಿಲೆ
ನಿಲ್ಲಿಸೋದು ಹೇಗೆ ಅಂದ್ರಲ್ಲ. 900 ಬಿಲ್ಲೆ, 200 ದಪ್ಪ, 60 ತಗ್ಗು ಅಂದ್ರೆ ಮುಗಿದ ಮೇಲೆ ಸುಮಾರು 325 ಕೆ.ಜಿ. ಸುಮ್ಮನೆ ಪೀಠದ ಮೇಲೆ ನಿಲ್ಲಿಸಿದರೆ ತಲೆ ಭಾಗದಲ್ಲಿ 35 ಕೆ.ಜಿ.ಯಷ್ಟು ಬಲದಿಂದ ತಳ್ಳಿದರೆ ಸಾಕು, ಉರುಳುತ್ತೆ. ಇಬ್ಬರು ಹುಡುಗರು ಒರಗಿಕೊಂಡರೆ ಮುಗೀತು. ಹಾಗಾಗಿ ಪೀಠದಲ್ಲಿ ಬಿಲ್ಲೆಯ ಕಮಾನಿಗೆ ಹೊಂದುವ 60 ಮಿ.ಮೀ. ಆಳದ ತೋಡು, ತೋಡಿನಲ್ಲಿ ಸೀಸದ ಹಾಳೆ, ಎರಡು ಸ್ಟೇನ್‌ಲೆಸ್ ಸರಳು 20 ಮಿ.ಮೀ.ದು. ತೂತು 25 ಮಿ.ಮೀ., ಬಿಲ್ಲೆಯೊಳಗೆ 150, ಪೀಠದೊಳಗೆ 150, ಎಪಾಕ್ಸಿ ತುಂಬಿ. ತೂತು ಕೊರೆದ ಪುಡಿಯನ್ನ ಊದಿ ತೆಗೆಯದೆ ಎಪಾಕ್ಸಿ ಹಾಕಿದರೆ ಹಿಡಿಯಲ್ಲ. ಮಾಮೂಲಿ ಕಬ್ಬಿಣದ ಸರಳು ಬೇಡವೇ ಬೇಡ. ತುಕ್ಕು ಹಿಡಿದು ಉಬ್ಬಿ ಕಲ್ಲನ್ನೇ ಸೀಳುತ್ತೆ.

ಎತ್ತೋಕೆ 1 ಟನ್ನಿನ ಚೈನ್ ಪುಲ್ಲಿ, ನೈಲಾನ್ ಬೆಲ್ಟ್. ವೈರ್ ರೋಪ್ ಹಾಕಿದ್ರೆ ಅಂಚು ಹೋಯ್ತು. ಬಿಲ್ಲೆಯ ನಡು ನೆಲದಿಂದ 1400 ಮಿ.ಮೀ. ಎತ್ತರಕ್ಕೆ ಬರಲಿ. ಮುಂದೆ 5 ಮೀಟರ್ ಜಾಗ ಖಾಲಿ ಇರಲಿ, ಇಲ್ಲದಿದ್ರೆ ಮುಖ ಮಗುಚೋ ಆಟವೇ ಸಿಗಲ್ಲ.

ಚಿಂತಾಮಣಿ_ಮೇಷ್ಟ್ರು
ಬಿಸಿಲು! ನಿಮ್ನ ದರ್ಪಣ ಬಿಸಿಲನ್ನ ಒಂದು ಕಡೆ ಕೂಡಿಸುತ್ತೆ. ಬೆಂಕಿ ಹತ್ತಲ್ವಾ?

ಬೆಳಕಿನಬೀಜ
ಬಿಲ್ಲೆಯ ಮೇಲೆ ಬೀಳೋದು ಸುಮಾರು 630 ವ್ಯಾಟ್ ಬಿಸಿಲು. ಕಲ್ಲು 5% ಕೊಟ್ಟರೆ 30 ವ್ಯಾಟ್ ಚಿಲ್ಲರೆ, ಅದೂ ಅಂಚಿನ ಕಿರಣಗಳು ಚದುರಿ. ಸ್ಟೀಲಾಗಿದ್ರೆ 350ಕ್ಕೂ ಮೇಲೆ, ಅದು ನಿಜವಾದ ಅಪಾಯ. ಆದ್ರೂ ಕಣ್ಣಿನ ವಿಷಯ, 30 ಅಂತ ಉದಾಸೀನ ಬೇಡ. ಪೂರ್ವಕ್ಕೋ ಪಶ್ಚಿಮಕ್ಕೋ ಮುಖ ಮಾಡಿದ್ರೆ ಬೆಳಗ್ಗೆ ಸಂಜೆ ಕೆಳಮಟ್ಟದ ಬಿಸಿಲು ನೇರ ಒಳಗೆ ನುಗ್ಗುತ್ತೆ, ಅದು ಬೇಡ. ಉತ್ತರಕ್ಕೆ ಮುಖ ಮಾಡಿ ನೆಟ್ಟಗೆ ನಿಲ್ಲಿಸಿ. ನಮ್ಮ 13 ಡಿಗ್ರಿ ಅಕ್ಷಾಂಶದಲ್ಲಿ ಏಪ್ರಿಲ್ ಕಡೆಯಿಂದ ಆಗಸ್ಟ್ ನಡುವಿನ ತನಕ ನಡುಹಗಲ ಸೂರ್ಯ ನೆತ್ತಿಯ ಉತ್ತರಕ್ಕೆ ಬಂದರೂ ಅಷ್ಟು ಎತ್ತರದಿಂದ ತಟ್ಟೆಯ ನೇರಕ್ಕೆ ಬರಲ್ಲ. ನೆರಳೂ ಸಿಗುತ್ತೆ, @ಬಾಗೇಪಲ್ಲಿ_ಬಂಡೆ ಹೇಳಿದ ಕಪ್ಪೂ ಉಳಿಯುತ್ತೆ.

ಇನ್ನೊಂದು. 60 ತಗ್ಗು ಜಾಸ್ತಿ ಆಯ್ತು ಅನ್ಸುತ್ತೆ. ಅಂಚಿನಲ್ಲಿ ಮುಖ ವಿಪರೀತ ಎಳೆದುಕೊಳ್ಳುತ್ತೆ. 40ಕ್ಕೆ ಇಳಿಸಿ. ತೆಗೆಯೋ ಕಲ್ಲು 58 ಕೆ.ಜಿ. ಬದಲು 38 ಆಗುತ್ತೆ, ಮುಖ ಮಗುಚೋ ದೂರ ಎರಡೂವರೆ ಮೀಟರಿಗೆ ಹೋಗುತ್ತೆ, ನಾಲ್ಕೈದು ಜನ ಒಟ್ಟಿಗೆ ನಿಂತು ನೋಡಬಹುದು.

ಉಳಿಪೆಟ್ಟು_ಮಾಲೂರು
40 ಆದ್ರೆ ಕೆಲಸವೂ ಹಗುರ. ಆದ್ರೆ ತಗ್ಗು ಕಮ್ಮಿ ಆದಷ್ಟೂ ಅಲೆ ಜಾಸ್ತಿ ಕಾಣುತ್ತೆ, ಉಜ್ಜುಗುಂಡು ಬಿಟ್ಟು ಅಡ್ಡದಾರಿ ಹಿಡಿಯೋ ಹಾಗಿಲ್ಲ.

ಅಂತರಗಂಗೆ_ಕೋಲಾರ
40ಕ್ಕೇ ಹೋಗ್ತೀವಿ. ಉತ್ತರ ಗೋಡೆ ಪಕ್ಕ ಜಾಗ ಇದೆ, ಮುಂದೆ 6 ಮೀಟರ್ ಸಿಗುತ್ತೆ. ಸಿಎನ್‌ಸಿ ಬೇಡ. ಇಲ್ಲಿನ ಬೋರ್ ನೀರು ಗಡಸು, ಪಾಲಿಷ್‌ಗೆ ತೊಂದರೆ ಆಗುತ್ತಾ?

ಮುಳಬಾಗಿಲು_ಪಾಲಿಷ್
ತೇಯೋಕೆ ನಡೆಯುತ್ತೆ. ಕೊನೇ ತೊಳೆತಕ್ಕೆ ಆರ್‌ಒ ನೀರು ಅಥವಾ ಮಳೆ ನೀರು, ಕೂಡಲೇ ಒಣಬಟ್ಟೆ. ಬೋರ್ ನೀರು ಹಾಗೇ ಆರಿದ್ರೆ ಬಿಳಿ ಉಪ್ಪಿನ ಕಲೆ ಕೂರುತ್ತೆ. ನಿಲ್ಲಿಸಿದ ಮೇಲೆ ತೋಟದ ಪೈಪ್ ನೀರು ಸಿಡಿಯದ ಹಾಗೆ ನೋಡ್ಕೊಳ್ಳಿ.

ಚಿಂತಾಮಣಿ_ಮೇಷ್ಟ್ರು
40 ತಗ್ಗಿಗೆ ಹೊಸ ಲೆಕ್ಕ, ಬರೆದಿಟ್ಟುಕೊಳ್ಳಿ. ಕೋಲಿನ ಉದ್ದ 2551 ಮಿ.ಮೀ. ಆಳ ನಡುವೆ 40, ನಡುವಿನಿಂದ 225ರಲ್ಲಿ 30, 340ರಲ್ಲಿ 17. ಮೊದಲ ಕೊಯ್ತ ಇವುಗಳಿಗಿಂತ 4 ಕಮ್ಮಿ. ಮುಗಿದಾಗ ತೂಕ ಸುಮಾರು 345 ಕೆ.ಜಿ. 60ರ ಹಳೇ ಕೋಲನ್ನ ಕಟ್ಟೆ ಮೇಲೆ ಬಿಡಬೇಡಿ, ಅವಸರದಲ್ಲಿ ಯಾರಾದ್ರೂ ಅದನ್ನೇ ತಗೊಂಡು ಹಲಗೆ ಕತ್ತರಿಸಿಬಿಡ್ತಾರೆ.